ಕಡಿಮೆ ಖರ್ಚಿನಲ್ಲಿ ದೈತ್ಯ ಕುಂಬಳ: ಕೊಡಗಿನ ಮಣ್ಣಿಗೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ದೊಡ್ಡ ಕುಂಬಳ ಬೆಳೆಯಬೇಕು ಅಂತ ಹೊರಟವರು ಮೊದಲು ಗೊಬ್ಬರದಂಗಡಿಗೆ ಹೋಗುತ್ತಾರೆ. ಕೊಡಗಿನಲ್ಲಿ ಮೊದಲು ಹೋಗಬೇಕಾದ್ದು ಮಣ್ಣು ಪರೀಕ್ಷೆಗೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮಣ್ಣಿನ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ನಮ್ಮ ಹೆಚ್ಚಿನ ಜಾಗಗಳಲ್ಲಿ ಮಣ್ಣಿನ ಹುಳಿ ತೋರಿಸುವ ಪಿಎಚ್ (7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 5ರಿಂದ 6ರ ನಡುವೆ ಇರುತ್ತದೆ. ಕುಂಬಳಕ್ಕೆ ಬೇಕಾದ್ದು 6.3ರಿಂದ 6.8. ಹುಳಿ ಮಣ್ಣಿನಲ್ಲಿ ನೀವು ಹಾಕಿದ ರಂಜಕ ಕಬ್ಬಿಣ, ಅಲ್ಯೂಮಿನಿಯಂಗೆ ಕಚ್ಚಿಕೊಂಡು ಕೂತುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ಹುಳಿ ಸರಿಮಾಡದೆ ಡಿಎಪಿಯಂಥ ರಂಜಕದ ಗೊಬ್ಬರ ಸುರಿಯುವುದೆಂದರೆ ದುಡ್ಡನ್ನು ಮಣ್ಣಿನಲ್ಲಿ ಹೂತ ಹಾಗೆ.

ಮಾದರಿ ತೆಗೆಯುವಾಗ ಜಾಗದ ಏಳೆಂಟು ಕಡೆ ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದಲ್ಲಿ ಅಗೆದು, ಪಕ್ಕದಿಂದ ಒಂದೊಂದು ಪದರ ಕೆರೆದು, ಎಲ್ಲ ಬೆರೆಸಿ ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಟ್ಟರೆ ಸಾಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ತೋಟ ಇರುವವರಿಗೆ ಕಾಫಿ ಮಂಡಳಿಯ ದಾರಿ ಗೊತ್ತೇ ಇದೆ. ಗೊಬ್ಬರ ಹಾಕಿದ ಮೇಲೆ ಮಾದರಿ ತೆಗೆದರೆ ಬರುವ ವರದಿಗೆ ಬೆಲೆಯಿಲ್ಲ.

ಇನ್ನು ಮುಂದೆ ಹೇಳುವ ಅಳತೆಗಳೆಲ್ಲ ಒಂದು ಬಳ್ಳಿಗೆ, 6 ಮೀಟರ್ ಉದ್ದ 6 ಮೀಟರ್ ಅಗಲದ ಜಾಗಕ್ಕೆ, ಅಂದರೆ 36 ಚದರ ಮೀಟರಿಗೆ. ಇದಕ್ಕಿಂತ ಕಡಿಮೆ ಜಾಗದಲ್ಲಿ ಎಲೆ ಸಾಲುವುದಿಲ್ಲ. ಕಾಯಿಯ ತೂಕ ಬರುವುದು ಎಲೆಯಿಂದ, ಎಲೆ ಕೆಲಸ ಮಾಡುವುದು ಬಿಸಿಲಿನಿಂದ. ಕಾಫಿ ತೋಟದ ನೆರಳಿನಲ್ಲಿ, ಸಿಲ್ವರ್ ಓಕ್ ಪಕ್ಕದಲ್ಲಿ ಎಷ್ಟು ಗೊಬ್ಬರ ಹಾಕಿದರೂ ಬಳ್ಳಿ ಸೊರಗುತ್ತದೆ. ಎಂಟು ಗಂಟೆ ಬಿಸಿಲು ಬೀಳುವ ಬಾಣೆ ಜಾಗ (ಗದ್ದೆಗೆ ಹೊಂದಿದ ಎತ್ತರದ ನೆಲ), ಕಣದ ಅಂಚು ಅಥವಾ ನೀರು ನಿಲ್ಲದ ಗದ್ದೆಯ ಮೇಲ್ಮಗ್ಗುಲು ಹುಡುಕಿ.

ಪಿಎಚ್ 5.3ರ ಸುಮಾರು ಇದ್ದರೆ ನಾನು ಚದರ ಮೀಟರಿಗೆ 300 ಗ್ರಾಂ ಸುಣ್ಣ ಹಾಕುತ್ತೇನೆ, ಒಟ್ಟು ಹನ್ನೊಂದು ಕೆಜಿ. ಕೃಷಿ ಸುಣ್ಣಕ್ಕಿಂತ ಡೋಲೊಮೈಟ್ ಸಿಕ್ಕರೆ ಒಳ್ಳೆಯದು, ಅದರಲ್ಲಿ ಮೆಗ್ನೀಷಿಯಂ ಕೂಡ ಇದೆ. ನಾಟಿಗೆ ಕನಿಷ್ಠ ಒಂದು ತಿಂಗಳು ಮೊದಲು, ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಬಿಡುವು ಕೊಟ್ಟಾಗ ಎರಚಿ ಮುಕ್ಕಾಲು ಅಡಿ ಆಳಕ್ಕೆ ಅಗೆದು ಬೆರೆಸಬೇಕು. ಸುಣ್ಣದ ಜೊತೆಗೇ ಸಗಣಿಗೊಬ್ಬರ, ಯೂರಿಯಾ, ಡಿಎಪಿ ಹಾಕಬಾರದು. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆ ವಾಸನೆ ಮೂಗಿಗೆ ಬಡಿದರೆ ಹೋಗುತ್ತಿರುವುದು ನಿಮ್ಮ ದುಡ್ಡೇ. ಒಲೆಯ ಬೂದಿಯೂ ಸುಣ್ಣದ ಕೆಲಸವನ್ನೇ ಮಾಡುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಆದರೆ ಎರಡನ್ನೂ ಧಾರಾಳವಾಗಿ ಹಾಕಿದರೆ ಪಿಎಚ್ 7 ದಾಟಿ ಚಿಗುರೆಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಸುಣ್ಣ ಹಾಕಿದ ವರ್ಷ ಬೂದಿಯನ್ನು ಚದರ ಮೀಟರಿಗೆ ಒಂದು ಹಿಡಿಗೆ ನಿಲ್ಲಿಸುವುದು ಕ್ಷೇಮ.

ಸುಣ್ಣ ಹಾಕಿ ಎರಡು ಮೂರು ವಾರ ಕಳೆದ ಮೇಲೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಚದರ ಮೀಟರಿಗೆ 5 ಕೆಜಿ, ಒಟ್ಟು 180 ಕೆಜಿ. ಕಾಫಿ ಸಿಪ್ಪೆಯ ಗೊಬ್ಬರ ಇದ್ದವರು ಅರ್ಧದಷ್ಟು ಅದನ್ನೇ ಬಳಸಬಹುದು, ಪೊಟ್ಯಾಷ್ ಚೆನ್ನಾಗಿದೆ. ಆದರೆ ಹಿಂದಿನ ಸಾಲಿನದ್ದಾಗಿರಬೇಕು. ಕಾಫಿ ಹಣ್ಣು ಸುಲಿಯುವ ಪಲ್ಪರ್‌ನಿಂದ ಈಗಷ್ಟೇ ಬಂದ ಸಿಪ್ಪೆ ಬಿಸಿಯೇಳುತ್ತದೆ, ಹುಳಿ ಬೇರೆ, ಬೇರು ಸುಡುತ್ತದೆ. ಹಂದಿಗೂಡಿನ ಗೊಬ್ಬರ, ಕೋಳಿಗೊಬ್ಬರ ಇವೂ ಬಲವಾದವು. ಆರು ತಿಂಗಳು ಕಳಿಸಿ ಚದರ ಮೀಟರಿಗೆ ಒಂದು ಕೆಜಿ ಮೀರದಂತೆ ಹಾಕಬೇಕು. ಕೋಳಿಗೊಬ್ಬರ ಜಾಸ್ತಿಯಾದ ಬಳ್ಳಿ ನೋಡಲು ಭಾರಿ ಚೆಂದ, ಎಲೆ ಕೊಡೆಯಷ್ಟಗಲ, ಹಿಡಿದ ಮಿಡಿ ಮಾತ್ರ ಒಂದೊಂದೇ ಹಳದಿಯಾಗಿ ಉದುರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹಟ್ಟಿಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟ್. 180 ಕೆಜಿಯಲ್ಲಿ 900 ಗ್ರಾಂ, ಅದರಲ್ಲಿ ಈ ಬೆಳೆಗೆ ಸಿಗುವುದು ಮೂರರಲ್ಲಿ ಒಂದು ಪಾಲು, 300 ಗ್ರಾಂ. ಬಳ್ಳಿಗೆ ಈ ಜಾಗದಲ್ಲಿ ಒಟ್ಟು 550 ಗ್ರಾಂ ಸಾರಜನಕ ಸಾಕು. ಉಳಿದ 250 ಗ್ರಾಂಗೆ ಬೇಕಾದ್ದು ಸುಮಾರು 550 ಗ್ರಾಂ ಯೂರಿಯಾ. 45 ಕೆಜಿಯ ಚೀಲಕ್ಕೆ 266.50 ರೂಪಾಯಿಯಂತೆ ಇದರ ಬೆಲೆ ಮೂರೂಕಾಲು ರೂಪಾಯಿ! ಪೊಟ್ಯಾಷ್ 600 ಗ್ರಾಂ, 50 ಕೆಜಿಯ ಚೀಲಕ್ಕೆ 1,650 ಅಂತ ಹಿಡಿದರೂ ಇಪ್ಪತ್ತು ರೂಪಾಯಿ. ಒಂದು ಕೆಜಿ ರಾಕ್ ಫಾಸ್ಫೇಟ್ ನಮ್ಮ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗಿ ರಂಜಕ ಕೊಡುತ್ತದೆ. ಅದನ್ನು ಸುಣ್ಣಕ್ಕಿಂತ ಮೊದಲೇ, ಮಳೆಗಾಲದಲ್ಲಿ ಹಾಕಿದರೆ ಇನ್ನೂ ಚೆನ್ನಾಗಿ ಕರಗುತ್ತದೆ. ವರದಿಯಲ್ಲಿ ರಂಜಕ ‘ಹೆಚ್ಚು’ ಅಂತ ಇದ್ದರೆ ಅದೂ ಬೇಡ. ತೋಟ ಇರುವವರ ಉಗ್ರಾಣದಲ್ಲಿ ಇವು ಮೂರೂ ಇದ್ದೇ ಇರುತ್ತವೆ, ಇಲ್ಲದವರು ಚಿಲ್ಲರೆಯಾಗಿ ತಂದರಾಯಿತು.

ಇನ್ನು ನೀರಿನಲ್ಲಿ ಕರಗುವ 19:19:19 ಪೊಟ್ಟಣದ ಲೆಕ್ಕ ನೋಡಿ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ತಲಾ 19 ಪರ್ಸೆಂಟ್. ಕೆಜಿಗೆ 150 ಅಂತ ಹಿಡಿಯೋಣ. ಒಳಗಿರುವ ಸಾರಜನಕವನ್ನು ಯೂರಿಯಾ ಬೆಲೆಯಲ್ಲಿ, ಪೊಟ್ಯಾಷನ್ನು ಪೊಟ್ಯಾಷ್ ಬೆಲೆಯಲ್ಲಿ, ರಂಜಕವನ್ನು 1,350 ರೂಪಾಯಿಯ ಡಿಎಪಿ ಚೀಲದ ಬೆಲೆಯಲ್ಲಿ ಕಟ್ಟಿದರೆ ಒಟ್ಟು ಇಪ್ಪತ್ತಮೂರು ರೂಪಾಯಿ ಚಿಲ್ಲರೆ. ಉಳಿದದ್ದು ಕರಗುವ ಗುಣಕ್ಕೆ, ಪೊಟ್ಟಣಕ್ಕೆ, ಚಿತ್ರಕ್ಕೆ. ಹನಿ ನೀರಾವರಿ ಇದ್ದರೆ ಆ ಗುಣಕ್ಕೆ ಬೆಲೆ ಇದೆ. ಕೈಯಲ್ಲಿ ಕ್ಯಾನ್ ಹಿಡಿದು ಹುಯ್ಯುವವರಿಗೆ ಸಸಿಯ ಹಂತದಲ್ಲಿ ನೂರು ಗ್ರಾಂ ಸಾಕು, ಲೀಟರಿಗೆ 3 ಗ್ರಾಂ ಕರಗಿಸಿ.

ಹ್ಯೂಮಿಕ್ ಆಮ್ಲ ಕೊಡಗಿನಲ್ಲಿ ಕೊಳ್ಳುವ ಅಗತ್ಯವೇ ಇಲ್ಲ. ಎಲೆ ಉದುರಿ ಕಳಿಯುವ ನಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲ ಮೊದಲೇ ಚೆನ್ನಾಗಿದೆ. ಸೀವೀಡ್ (ಕಡಲಕಳೆ) ದ್ರಾವಣ ಬಳ್ಳಿ ಸೋತಾಗ ಸ್ವಲ್ಪ ಚೇತರಿಕೆ ಕೊಡಬಹುದು, ಗೊಬ್ಬರದ ಜಾಗ ತುಂಬುವುದಿಲ್ಲ. ಜೀವಾಮೃತ ಹಾಕುವವರು ಹಾಕಲಿ. 200 ಲೀಟರ್ ಡ್ರಮ್ಮಿನಲ್ಲಿ ಇರುವುದು 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ಹಿಟ್ಟು, ಗಂಜಲ. ಅದರಲ್ಲಿ ನಿಜವಾದ ಪೋಷಕಾಂಶ ಗಂಜಲದ್ದೇ ಹೆಚ್ಚು. ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಲ ಬೆರೆಸಿ ಬುಡದಿಂದ ಒಂದಡಿ ದೂರ ಹುಯ್ದರೆ ಬೆಲ್ಲದ ದುಡ್ಡು ಉಳಿಯುತ್ತದೆ. ಬಳ್ಳಿಗೆ ಬತ್ತಿ ಚುಚ್ಚಿ ಹಾಲು, ಸಕ್ಕರೆ ನೀರು ಕುಡಿಸುವ ಮಾತು ಆಗಾಗ ಕೇಳಿಬರುತ್ತದೆ. ಅದರಿಂದ ಬರುವುದು ಇರುವೆ ಮತ್ತು ಕೊಳೆ.

ದುಡ್ಡು ಕೊಟ್ಟು ತರಬೇಕಾದ್ದು ಬೇರೆ ಇದೆ: ಬೇವಿನ ಹಿಂಡಿ 4 ಕೆಜಿ, ಬೊರಾಕ್ಸ್ 35 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ ಅರ್ಧ ಕೆಜಿ, ಕ್ಯಾಲ್ಸಿಯಂ ನೈಟ್ರೇಟ್ ಅರ್ಧ ಕೆಜಿ. ಬೊರಾಕ್ಸನ್ನು ಒಂದು ಬುಟ್ಟಿ ಮರಳಿಗೆ ಬೆರೆಸಿ ಇಡೀ ಪಾತಿಗೆ ಸಮನಾಗಿ ಎರಚಬೇಕು. ಬೋರಾನ್ ಕಡಿಮೆಯಾದರೆ ಮಿಡಿ ಕಚ್ಚುವುದಿಲ್ಲ, ಕಾಂಡ ಸೀಳುತ್ತದೆ. ದುಪ್ಪಟ್ಟಾದರೆ ಎಲೆಯಂಚು ಸುಟ್ಟು ಕಂದಾಗುತ್ತದೆ, ಆಮೇಲೆ ತೆಗೆಯುವ ಉಪಾಯವಿಲ್ಲ. ಅಡುಗೆಮನೆಯ ಚಮಚದಲ್ಲಿ ಅಂದಾಜಿಸದೆ ತಕ್ಕಡಿಯಲ್ಲಿ ತೂಗಿ. ಕ್ಯಾಲ್ಸಿಯಂ ನೈಟ್ರೇಟನ್ನು ಮೆಗ್ನೀಷಿಯಂ ಸಲ್ಫೇಟ್ ಜೊತೆಗಾಗಲಿ, ರಂಜಕದ ಗೊಬ್ಬರದ ಜೊತೆಗಾಗಲಿ ಒಂದೇ ಬಕೆಟ್ಟಿನಲ್ಲಿ ಕರಗಿಸಬಾರದು. ಬಿಳಿ ಗಸಿ ಕೆಳಗೆ ಕೂತರೆ ಎರಡೂ ಹೋದ ಹಾಗೆ.

ಬೀಜದ ವಿಷಯ. ನಮ್ಮ ಸಂತೆಯ ಸಿಹಿಗುಂಬಳ ಬೇರೆ ಜಾತಿ, ಅದನ್ನು ಎಷ್ಟು ಸಾಕಿದರೂ ದೈತ್ಯ ಆಗುವುದಿಲ್ಲ. ಬೇಕಾದ್ದು ‘ಅಟ್ಲಾಂಟಿಕ್ ಜೈಂಟ್’, ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೊವರ್ಡ್ ಡಿಲ್ ಬೆಳೆಸಿದ ತಳಿ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ ತೂಗಿದ 1,247 ಕೆಜಿ ಕಾಯಿಯೂ ಇದೇ ವಂಶದ್ದು. ಅಲ್ಲಿಯ ತೂಕ ನೋಡಿ ಇಲ್ಲಿ ಗೊಬ್ಬರ ಹೆಚ್ಚಿಸಬೇಡಿ. ನೋವಾ ಸ್ಕೋಷಿಯಾದ ಬೇಸಿಗೆಯ ಹಗಲು ಹದಿನೈದು ಗಂಟೆ, ನಮ್ಮ ಡಿಸೆಂಬರಿನದ್ದು ಹನ್ನೊಂದೂವರೆ. ಪೊಟ್ಟಣದ ಸಾಧಾರಣ ಬೀಜದಲ್ಲಿ 50ರಿಂದ 80 ಕೆಜಿ ಬಂದರೆ ಇಲ್ಲಿಗೆ ಒಳ್ಳೆಯ ಬೆಳೆ.

ಅಕ್ಟೋಬರ್ ಮಧ್ಯದಲ್ಲಿ ಬೀಜ ಹಾಕಬೇಕು. ಮಡಿಕೇರಿಯ ರಾಜಾಸೀಟಿನ ಫಲಪುಷ್ಪ ಪ್ರದರ್ಶನಕ್ಕೆ ಒಯ್ಯುವ ಆಸೆ ಇದ್ದರೆ ಮೂರು ವಾರ ಮುಂಚೆಯೇ ಸೂರಿನಡಿ ಶುರುಮಾಡಿ, ಆಗ ಸುಣ್ಣ, ಗೊಬ್ಬರದ ಕೆಲಸವೂ ಅಷ್ಟೇ ಮುಂಚೆ ಆಗಬೇಕು. ಕಾಫಿ ನರ್ಸರಿಯ ಕವರು, ಅದೇ ಮಿಶ್ರಣ: ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು. ಬೀಜದ ಎರಡು ಅಂಚನ್ನು, ಚೂಪು ತುದಿ ಬಿಟ್ಟು, ಮರಳು ಕಾಗದದಲ್ಲಿ ಉಜ್ಜಿ ನಾಲ್ಕೈದು ಗಂಟೆ ನೆನೆಸಿದರೆ ಮೊಳಕೆ ಸಮನಾಗಿ ಬರುತ್ತದೆ. ಮಣ್ಣು 28–30 ಡಿಗ್ರಿ ಇರಬೇಕು. ಮಡಿಕೇರಿ ಕಡೆಯ ಚಳಿಗೆ ಕವರನ್ನು ಬಚ್ಚಲ ಹಂಡೆ ಒಲೆಯ ಪಕ್ಕ ಇಡುವುದೇ ಸುಲಭ ಉಪಾಯ. ನಿಜವಾದ ಮೊದಲ ಎಲೆ ಅಂಗೈಯಗಲ ಆಗುವ ಮುಂಚೆಯೇ, ಬೇರಿನ ಉಂಡೆ ಒಡೆಯದಂತೆ ನಾಟಿ.

ಬಳ್ಳಿ ಓಡಲು ಶುರುವಾದ ಮೇಲೆ ವಾರಕ್ಕೊಮ್ಮೆ 75 ಗ್ರಾಂ ಯೂರಿಯಾ, 15 ಲೀಟರ್ ನೀರಿನಲ್ಲಿ, ನಾಲ್ಕು ವಾರ. ಮುಖ್ಯ ಬಳ್ಳಿಯನ್ನು ನೇರ ಬಿಟ್ಟು, ಕವಲುಗಳನ್ನು ಎರಡೂ ಮಗ್ಗುಲಿಗೆ ಅಡ್ಡ ಹಾಯಿಸಿ, ಕವಲಿನಿಂದ ಒಡೆಯುವ ಮರಿಗವಲನ್ನು ಚಿವುಟಿ. ಪ್ರತಿ ಗೆಣ್ಣಿನ ಮೇಲೆ ಒಂದು ಬೊಗಸೆ ಗೊಬ್ಬರ ಮಣ್ಣು ಮುಚ್ಚಿದರೆ ಅಲ್ಲಲ್ಲೇ ಬೇರು ಇಳಿಯುತ್ತದೆ. ಯಾವ ಬಾಟಲಿಯ ಟಾನಿಕ್ಕೂ ಇಷ್ಟು ಕೊಡುವುದಿಲ್ಲ, ಮತ್ತು ಇದು ಪುಕ್ಕಟೆ.

ಮುಖ್ಯ ಬಳ್ಳಿಯಲ್ಲಿ ಬುಡದಿಂದ 3 ಮೀಟರ್ ಆಚೆ ಬಂದ ಹೆಣ್ಣು ಹೂವನ್ನೇ ಆರಿಸಿ. ಡಿಸೆಂಬರಿನ ಇಬ್ಬನಿಗೆ ಪರಾಗ ಒದ್ದೆಯಾಗಿ ಕೆಡುತ್ತದೆ. ಆದ್ದರಿಂದ ಮರುದಿನ ಅರಳುವ, ತುದಿ ಹಳದಿಗೆ ತಿರುಗಿದ ಗಂಡು ಹೂವು, ಹೆಣ್ಣು ಹೂವು ಎರಡರ ಬಾಯನ್ನೂ ಸಂಜೆಯೇ ದಾರದಲ್ಲಿ ಸಡಿಲವಾಗಿ ಕಟ್ಟಿಡಬೇಕು. ಬೆಳಿಗ್ಗೆ ಎಂಟರೊಳಗೆ ಗಂಡಿನ ಎಸಳು ಕಿತ್ತು, ಎರಡು ಮೂರು ಹೂವಿನ ಪರಾಗವನ್ನು ಹೆಣ್ಣಿನ ಪ್ರತಿ ಹೋಳಿಗೂ ತಾಗುವಂತೆ ಉಜ್ಜಿ ಮತ್ತೆ ಬಾಯಿ ಕಟ್ಟಿ. ಹತ್ತು ದಿನದಲ್ಲಿ ಮಿಡಿ ನಿಂತದ್ದು ಖಚಿತವಾದರೆ ಉಳಿದ ಮಿಡಿಗಳನ್ನೆಲ್ಲ ಕಿತ್ತು ಪಲ್ಯ ಮಾಡಿ. ಎರಡು ಇರಲಿ ಅನ್ನುವ ಆಸೆ ಬೇಡ. ಉಳಿಸಿದ ಮಿಡಿಗೆ ಮೊದಲ ಎರಡು ವಾರ ತೆಳು ಬಟ್ಟೆ ಸುತ್ತಿ, ಹಣ್ಣುನೊಣಕ್ಕೆ ಪಕ್ಕದಲ್ಲಿ ಮೋಹಕ ಬಲೆ ಕಟ್ಟಿ.

ಕಾಯಿ ನಿಂತ ಮೇಲೆ ಗೊಬ್ಬರ ತಿರುಗಿಸಬೇಕು: ವಾರಕ್ಕೆ ಪೊಟ್ಯಾಷ್ 80 ಗ್ರಾಂ, ಯೂರಿಯಾ 40–50 ಗ್ರಾಂ, ಐದಾರು ವಾರ. ಮಧ್ಯದ ದಿನಗಳಲ್ಲಿ ಒಂದು ವಾರ ಕ್ಯಾಲ್ಸಿಯಂ ನೈಟ್ರೇಟ್ 100 ಗ್ರಾಂ, ಮರುವಾರ ಮೆಗ್ನೀಷಿಯಂ ಸಲ್ಫೇಟ್ 100 ಗ್ರಾಂ, ಎಲ್ಲ ಬುಡಕ್ಕೇ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲ, ಅದು ಬೇರಿನ ನೀರಿನ ಜೊತೆ ಮಾತ್ರ ಹೋಗುತ್ತದೆ. ಹಾಗಾಗಿ ಹೂವಿನ ತುದಿ ಕೊಳೆಯುವುದಕ್ಕೆ ಅರ್ಧ ಕಾರಣ ಗೊಬ್ಬರವಲ್ಲ, ಏರುಪೇರಾದ ನೀರು. ದಿನಕ್ಕೆ 150–200 ಲೀಟರ್ ಬೆಳಿಗ್ಗೆ ಕೊಡಿ, ಪಾತಿಗೆ ಭತ್ತದ ಹುಲ್ಲು ಹೊದಿಸಿ. ಮೂರು ದಿನ ಒಣಗಿಸಿ ನಾಲ್ಕನೆಯ ದಿನ ತೋಯಿಸಿದರೆ ಕಾಯಿ ತೊಟ್ಟಿನ ಹತ್ತಿರ ಸೀಳುತ್ತದೆ.

ಮೂರನೆಯ ವಾರದಿಂದ ಆರನೆಯ ವಾರದವರೆಗೆ ಕಾಯಿ ಓಡುತ್ತದೆ. ಆ ಮುಂಚೆಯೇ ಅದನ್ನು ಬಳ್ಳಿಗೆ ಅಡ್ಡವಾಗಿ, ದಿನಕ್ಕೆ ಒಂದೆರಡು ಇಂಚಿನಂತೆ ತಿರುಗಿಸಿ ಮರಳಿನ ಹಾಸಿನ ಮೇಲೆ ಕೂರಿಸಬೇಕು. ತೊಟ್ಟಿನ ಎರಡೂ ಪಕ್ಕದ ಒಂದೊಂದು ಗೆಣ್ಣಿನ ಬೇರನ್ನು ಕತ್ತರಿಸಿದರೆ ಕಾಯಿ ಉಬ್ಬಿ ಏಳುವಾಗ ಬಳ್ಳಿಯೂ ಜೊತೆಗೆ ಏಳುತ್ತದೆ, ತೊಟ್ಟು ಮುರಿಯುವುದಿಲ್ಲ. ಮೇಲೆ ಬಿಳಿ ಬಟ್ಟೆಯ ನೆರಳು ಕಟ್ಟಿ. ಬಿಸಿಲಿಗೆ ಸಿಪ್ಪೆ ಗಟ್ಟಿಯಾದರೆ ಹಿಗ್ಗಲಾರದೆ ಬಿರಿಯುತ್ತದೆ. ಬೂದಿರೋಗ ಕಂಡರೆ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು. ಸುಡುಬಿಸಿಲಿನಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ. ಶನಿವಾರಸಂತೆ ಕಡೆಯವರಿಗೆ ಆಫ್ರಿಕನ್ ಬಸವನಹುಳು ದೊಡ್ಡ ತಲೆನೋವು. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟು ರಾತ್ರಿ ಸೇರಿದ್ದನ್ನು ಬೆಳಿಗ್ಗೆ ಆರಿಸಿ ಉಪ್ಪುನೀರಿಗೆ ಹಾಕಬೇಕು. ಮುಳ್ಳುಹಂದಿಗೆ ಕಾಯಿಯ ಸುತ್ತ ಎರಡಡಿ ಎತ್ತರದ ತಗಡು ನಿಲ್ಲಿಸಿ.

ಐದು ದಿನಕ್ಕೊಮ್ಮೆ ಟೇಪಿನಲ್ಲಿ ಸುತ್ತಳತೆ ತೆಗೆಯಿರಿ. ಎರಡು ಸಲ ಅಳತೆ ಅಲ್ಲಾಡದಿದ್ದರೆ ಗೊಬ್ಬರ ನಿಲ್ಲಿಸಿ, ಆಮೇಲೆ ಹಾಕಿದ್ದು ಕಾಯಿಗೆ ಸೇರುವುದಿಲ್ಲ. ಫೆಬ್ರುವರಿ ಕೊನೆಗೆ ಕಾಫಿಯ ಹೂಮಳೆ ಬಿದ್ದರೆ ಒಂದೇ ರಾತ್ರಿಯಲ್ಲಿ ಸೀಳುವ ಅಪಾಯ ಇದೆ, ಅದರೊಳಗೆ ಕೊಯ್ದುಬಿಡಿ. ತೊಟ್ಟು ಹಿಡಿದು ಎತ್ತಬೇಡಿ. ಟಾರ್ಪಾಲಿಗೆ ಉರುಳಿಸಿ ನಾಲ್ಕು ಮೂಲೆ ನಾಲ್ವರು ಹಿಡಿದರೆ ಕಾಫಿ ಚೀಲ ತೂಗುವ ತಕ್ಕಡಿಗೇ ಇಡಬಹುದು. ತಿರುಳು ನೀರುನೀರು, ಕುಂಬಳ ಕರಿಗೆ ಊರಿನ ಕಾಯಿಯ ರುಚಿ ಬರುವುದಿಲ್ಲ, ಹಸುವಿಗೆ ಹಂದಿಗೆ ಇಷ್ಟ. ಅದೇ ಬಳ್ಳಿಯ ಗಂಡು ಹೂವಿನಿಂದ ಬಾಯಿ ಕಟ್ಟಿ ಪರಾಗ ಮುಟ್ಟಿಸಿದ್ದರೆ ಮಾತ್ರ ಬೀಜ ಇಟ್ಟುಕೊಳ್ಳಿ. ತೊಳೆದು, ನೆರಳಲ್ಲಿ ಎರಡು ವಾರ ಒಣಗಿಸಿ, ಮುಂಗಾರಿನ ತೇವ ತಾಗದಂತೆ ಬೂದಿ ಹಾಕಿದ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ.