ಫೆಬ್ರವರಿ ಬಿಸಿಲಲ್ಲೂ ಸೋಲಾರ್ ನೀರು ಉಗುರುಬೆಚ್ಚಗೆ: ನಾನು ಕಾರಣ ಹುಡುಕಿದ ಬಗೆ

ಉಡುಪಿಯಲ್ಲಿ ಆಟಿ ತಿಂಗಳ ಮಳೆಯಲ್ಲಿ ಸೋಲಾರ್ ನೀರು ಬಿಸಿಯಾಗದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೂರ್ಯನ ಮುಖ ಕಂಡರೆ ತಾನೇ? ಆದರೆ ನಮ್ಮ ಮನೆಯಲ್ಲಿ ತಕರಾರು ಶುರುವಾದದ್ದು ಫೆಬ್ರವರಿಯಲ್ಲಿ. ತಾರಸಿಯಲ್ಲಿ ಬರಿಗಾಲು ಇಡಲಾಗದಷ್ಟು ಬಿಸಿಲು, ಬಚ್ಚಲಲ್ಲಿ ಮಾತ್ರ ಉಗುರುಬೆಚ್ಚಗಿನ ನೀರು.

ರಿಪೇರಿಗೆ ಬಂದವರು ಗಾಜಿನ ಟ್ಯೂಬ್ ಬದಲಿಸಬೇಕು ಎಂದರು. ನನಗೆ ನಂಬಿಕೆ ಬರಲಿಲ್ಲ. ಗಾಜಿನ ಎರಡು ಪದರಗಳ ನಡುವೆ ಗಾಳಿ ಹೊಕ್ಕು ಕೆಟ್ಟ ಟ್ಯೂಬಿನ ತುದಿಯಲ್ಲಿರುವ ಬೆಳ್ಳಿ ಬಣ್ಣ ಬಿಳಿಚಿಕೊಳ್ಳುತ್ತದೆ. ತಳದ ಪ್ಲಾಸ್ಟಿಕ್ ಕಪ್ ಸರಿಸಿ ನೋಡಿದೆ, ಎಲ್ಲವೂ ಫಳಫಳ ಅನ್ನುತ್ತಿದ್ದವು. ಆಗಲೇ ಕಣ್ಣಿಗೆ ಬಿದ್ದದ್ದು, ಟ್ಯಾಂಕಿನ ವೆಂಟ್ ಪೈಪಿನ (ಗಾಳಿ, ಆವಿ ಆಡಲು ಬಾಯಿ ತೆರೆದಿರುವ ಕೊಳವೆ) ಕೆಳಗೆ ಹಸಿರು ಪಾಚಿ. ಮಳೆಯೇ ಇಲ್ಲದ ತಿಂಗಳಲ್ಲಿ ಪಾಚಿ ಎಲ್ಲಿಂದ?

ನಮ್ಮಲ್ಲಿ ತಣ್ಣೀರಿಗೆ ಹೊಸದಾಗಿ ಪ್ರೆಶರ್ ಪಂಪ್ ಹಾಕಿಸಿದ್ದೆವು, ನಲ್ಲಿ ತಿರುಗಿಸಿದೊಡನೆ ತಾನೇ ಓಡಿ ನೀರಿಗೆ ಜೋರು ಕೊಡುವಂಥದ್ದು. ಬಿಸಿನೀರು ಮೊದಲಿನ ಹಾಗೆ ಸುಮ್ನೆ ಎತ್ತರದಿಂದ ಇಳಿದು ಬರುವುದು. ಅನುಮಾನ ಬಂದು, ಸೋಲಾರ್ ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನ ವಾಲ್ವ್ ಪೂರ್ತಿ ಮುಚ್ಚಿ, ಅಡುಗೆಮನೆಯ ಬಿಸಿನೀರಿನ ನಲ್ಲಿ ತಿರುಗಿಸಿದೆ. ಪೈಪಿನಲ್ಲಿ ಉಳಿದದ್ದು ಹರಿದು ನಿಲ್ಲಬೇಕಿತ್ತು ಅಲ್ವಾ? ನಿಲ್ಲಲಿಲ್ಲ. ಮೇಲೆ ಪಂಪ್ ಗುಂಯ್ ಎಂದಿತು, ನಲ್ಲಿಯಲ್ಲಿ ತಣ್ಣೀರು ಧಾರೆಯಾಗಿ ಬಂತು. ಅಂದರೆ ಎಲ್ಲೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ.

ಎರಡೂ ಪೈಪು ಸೇರುವುದು ಮಿಕ್ಸರ್‌ನಲ್ಲಿ ಮಾತ್ರ, ಅಂದರೆ ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯಲ್ಲಿ. ಮೊದಲು ವಾಶ್ ಬೇಸಿನ್ ಮಿಕ್ಸರ್‌ಗೆ ನೀರು ತಡೆಯಲು ಅದರ ಕೆಳಗಿನ ಆ್ಯಂಗಲ್ ಕಾಕ್ ಮುಚ್ಚಿದೆ, ಪಂಪ್ ನಿಲ್ಲಲಿಲ್ಲ. ಅಮ್ಮನ ಬಚ್ಚಲಿಗೆ ಹೋದೆ. ಅಲ್ಲಿ ಗೋಡೆಯ ಮಿಕ್ಸರ್‌ಗೆ ಕೈಯಲ್ಲಿ ಹಿಡಿಯುವ ಶವರ್ ಇದೆ, ಒತ್ತಿದರಷ್ಟೇ ನೀರು ಬಿಡುವ ಗುಂಡಿ ಹಿಡಿಯಲ್ಲೇ. ಪ್ರತಿ ಸಲ ಬಿಸಿ ತಣ್ಣಗೆ ಹೊಂದಿಸುವ ರಗಳೆ ಬೇಡವೆಂದು ಎರಡೂ ತಿರುಪು ತೆರೆದೇ ಇಟ್ಟು, ಗುಂಡಿ ಬಿಟ್ಟು ಬರುವುದು ರೂಢಿ. ಅನುಕೂಲವೇ, ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ಶವರ್ ಬಾಯಿ ಮುಚ್ಚಿದ್ದರೂ ಮಿಕ್ಸರಿನ ಹೊಟ್ಟೆಯೊಳಗೆ ದಾರಿ ತೆರೆದೇ ಇರುತ್ತದೆ. ಪಂಪಿನ ಜೋರಿಗೆ ತಣ್ಣೀರು ಬಿಸಿ ಪೈಪು ಹತ್ತಿ ಸೋಲಾರ್ ಟ್ಯಾಂಕ್ ಸೇರುತ್ತದೆ. ಟ್ಯಾಂಕಿಗೆ ತಣ್ಣೀರು ಬರುವ ಕಡೆ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಇದ್ದದ್ದರಿಂದ ಹೊರಹೋಗಲು ಉಳಿದ ದಾರಿ ವೆಂಟ್ ಒಂದೇ. ಬಿಸಿಲು ಕಾಯಿಸಿದ ನೀರು ಹಾಗೇ ತಾರಸಿ ಪಾಲು. ಎರಡೂ ತಿರುಪು ಬಿಗಿದೆ, ಪಂಪ್ ತೆಪ್ಪಗಾಯಿತು.

ವೆಂಟ್‌ಗೆ ಮುಚ್ಚಳ ಬಡಿದುಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಆ ಕೆಲಸ ಮಾತ್ರ ಬೇಡ. ಮಾಮೂಲಿ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವಂಥದ್ದಲ್ಲ. ಆವಿಗೆ ದಾರಿಯಿಲ್ಲದಿದ್ದರೆ ಒಡೆಯಬಹುದು, ನೀರು ಇಳಿಯುವಾಗ ಗಾಳಿ ಒಳಬರದಿದ್ದರೆ ನೆಗ್ಗಿಹೋಗಬಹುದು.

ತಿರುಪು ಮುಚ್ಚಿ ಬನ್ನಿ ಎಂದು ಮನೆಯವರಿಗೆಲ್ಲ ದಿನಾ ಹೇಳುವುದು ಆಗುವ ಮಾತಲ್ಲ. ಹಾಗಾಗಿ ಪ್ಲಂಬರ್ ಕರೆಸಿ ಬಚ್ಚಲುಗಳ ತಣ್ಣೀರಿನ ಪೈಪನ್ನು ಪಂಪಿನಿಂದ ತಪ್ಪಿಸಿ, ನೇರ ಮೇಲಿನ ಟ್ಯಾಂಕಿಗೇ ಸೇರಿಸಿದೆ. ಈಗ ಎರಡೂ ಹೆಚ್ಚುಕಮ್ಮಿ ಒಂದೇ ಜೋರಿನಲ್ಲಿ ಇಳಿಯುತ್ತವೆ. ಪಂಪ್ ವಾಷಿಂಗ್ ಮೆಷಿನ್‌ಗೆ ಮಾತ್ರ. ಶವರ್ ಮೊದಲಿನಷ್ಟು ಜೋರಿಲ್ಲ ಎಂದು ಮಗ ಗೊಣಗುತ್ತಾನೆ, ಅಮ್ಮನಿಗೆ ಬಿಸಿನೀರು ಸಿಕ್ಕರೆ ಸಾಕು.