ಕ್ಯೂಬಾ ಪಾಠವನ್ನು ನಾನು 1912ರಿಂದ ಶುರು ಮಾಡುವ ರೀತಿ

ಕ್ಯೂಬಾ ಪಾಠದ ಮೊದಲ ದಿನ ನಾನು ಬೋರ್ಡಿನ ಮೇಲೆ ಬರೆಯುವ ಇಸವಿ 1912. ಡಿಗ್ರಿ ತರಗತಿಗೆ ಬರುವ ಮಕ್ಕಳಿಗೆ ಕ್ಯೂಬಾ ಅಂದರೆ ಕ್ಯಾಸ್ಟ್ರೊ, ಚೆ ಗೆವಾರ, ಸಕ್ಕರೆ, ಸಿಗಾರ್. ಅಲ್ಲಿಂದ ಶುರು ಮಾಡಿದರೆ ಕಪ್ಪು ಜನ ಯಾರೋ ಕೊಟ್ಟದ್ದನ್ನು ಕೈ ಚಾಚಿ ತೆಗೆದುಕೊಂಡವರ ಹಾಗೆ ಕಾಣುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಅದಕ್ಕೇ ಅವರೇ ಕಟ್ಟಿದ ಒಂದು ಪಕ್ಷದಿಂದ ಪಾಠ ಶುರು ಮಾಡುತ್ತೇನೆ.

1908ರಲ್ಲಿ ಎವಾರಿಸ್ತೊ ಎಸ್ತೆನೋಸ್ ಮತ್ತು ಜೊತೆಗಾರರು ಹವಾನಾದಲ್ಲಿ ಕಟ್ಟಿದ ಪಕ್ಷ ಅದು. ಹೆಸರು ಪಾರ್ತಿದೊ ಇಂದೆಪೆಂದಿಯೆಂತೆ ದೆ ಕೊಲೋರ್, ಅಂದರೆ ಬಣ್ಣದವರ ಸ್ವತಂತ್ರ ಪಕ್ಷ. ಸೇರಿದವರಲ್ಲಿ ಸ್ಪೇನ್ ವಿರುದ್ಧ ಹೋರಾಡಿ ಬಂದ ಮಾಜಿ ಸೈನಿಕರು ಬಹಳ ಜನ. ಅವರ ಬೇಡಿಕೆಗಳನ್ನು ಪಕ್ಷದ ಹೆಸರು ಹೇಳದೆ ಓದಿ ಹೇಳುತ್ತೇನೆ: ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶ, ಉಚಿತ ಶಿಕ್ಷಣ, ದಿನಕ್ಕೆ 8 ಗಂಟೆ ದುಡಿಮೆ, ಭೂಮಿ ಹಂಚಿಕೆ, ಮರಣದಂಡನೆ ರದ್ದು. ಇದು ಯಾರ ಪಕ್ಷ ಇರಬಹುದು ಎಂದು ಕೇಳಿದರೆ ಕಾರ್ಮಿಕರದ್ದು, ರೈತರದ್ದು ಅನ್ನುತ್ತಾರೆ. ಕಪ್ಪು ಜನರ ಪಕ್ಷ ಎಂದು ಯಾರಿಗೂ ಹೊಳೆಯುವುದಿಲ್ಲ.

ಆಮೇಲೆ 1910ರ ಕಾನೂನಿಗೆ ಬರುತ್ತೇನೆ. ಒಂದೇ ಬಣ್ಣದವರ ಪಕ್ಷ ಇರುವ ಹಾಗಿಲ್ಲ ಎಂದು ಅದು ಹೇಳಿತು. ಚುನಾವಣಾ ಕಾನೂನಿಗೆ ಈ ತಿದ್ದುಪಡಿ ತಂದ ಸೆನೆಟರ್ ಮಾರ್ತಿನ್ ಮೊರುವಾ ದೆಲ್ಗಾದೊ ಸ್ವತಃ ಕಪ್ಪು ತಾಯಿಯ ಮಗ. ಆ ತಾಯಿ ಆಫ್ರಿಕಾದಿಂದ ಬಂದು ಗುಲಾಮಗಿರಿ ಕಂಡವರು. ನಿಷೇಧ ತೆಗೆಯಬೇಕು ಎಂದು ಪಕ್ಷದವರು 1912ರ ಮೇ 20ರಂದು, ಗಣರಾಜ್ಯಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಆಯುಧ ಹಿಡಿದು ಪ್ರತಿಭಟನೆಗೆ ಇಳಿದರು. ಅಧ್ಯಕ್ಷ ಹೋಸೆ ಮಿಗೆಲ್ ಗೋಮೆಸ್ ಸೇನೆ ಕಳಿಸಿದರು. ಅಮೆರಿಕದ ನೌಕಾಪಡೆಯ ಸೈನಿಕರೂ ಬಂದಿಳಿದರು. ಪೂರ್ವದ ಓರಿಯೆಂತೆ ಪ್ರಾಂತ್ಯದಲ್ಲಿ ಸಾವಿರಾರು ಕಪ್ಪು ಜನರನ್ನು ಕೊಂದರು. ಪಕ್ಷಕ್ಕೆ ಸಂಬಂಧವೇ ಇಲ್ಲದ ರೈತರೂ ಅವರಲ್ಲಿದ್ದರು. ಎಸ್ತೆನೋಸ್ ಜೂನ್‌ನಲ್ಲಿ ಸತ್ತರು. ಇನ್ನೊಬ್ಬ ನಾಯಕ ಪೆದ್ರೊ ಇವೊನೆಟ್ ಜುಲೈನಲ್ಲಿ.

ಬಿಳಿಯರೂ ಕಪ್ಪು ಜನರೂ ಸ್ಪೇನ್ ವಿರುದ್ಧ ಒಟ್ಟಿಗೆ ಹೋರಾಡಿದ್ದರು. ಹಾಗೆ ಸ್ವಾತಂತ್ರ್ಯ ತಂದವರು ಇಷ್ಟು ಬೇಗ ಹೀಗೆ ಹೇಗಾದರು? ಈ ಪ್ರಶ್ನೆ ಮಕ್ಕಳಿಂದಲೇ ಬರುವವರೆಗೆ ಕಾಯುತ್ತೇನೆ. ಬಂದ ಮೇಲೆ ಹಿಂದಕ್ಕೆ ಹೋಗುತ್ತೇನೆ.

1841ರ ಜನಗಣತಿಯ ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಗುಲಾಮರು 4,36,495. ಬಿಳಿಯರು 4,18,291. ಗುಲಾಮರಲ್ಲದ ಕಪ್ಪು ಮತ್ತು ಮಿಶ್ರ ವರ್ಣದವರು 1,52,838. 1791ರಲ್ಲಿ ಹೈಟಿಯ ಗುಲಾಮರು ದಂಗೆ ಎದ್ದು ಅಲ್ಲಿನ ಸಕ್ಕರೆ ಉದ್ಯಮ ಕುಸಿದಾಗ ಆ ಮಾರುಕಟ್ಟೆಯನ್ನು ಕ್ಯೂಬಾದ ಧಣಿಗಳು ಹಿಡಿದರು. ಒಟ್ಟು ಏಳೂವರೆ ಲಕ್ಷಕ್ಕೂ ಜಾಸ್ತಿ ಆಫ್ರಿಕನ್ನರನ್ನು ದ್ವೀಪಕ್ಕೆ ತಂದರು. 1820ರಿಂದ ಈ ವ್ಯಾಪಾರ ಕಾನೂನುಬಾಹಿರವಾಗಿತ್ತು, ಆದರೂ 1860ರ ದಶಕದವರೆಗೆ ಹಡಗುಗಳು ಬರುತ್ತಲೇ ಇದ್ದವು. ಅಂಕಿ ನೋಡಿದ ಕೂಡಲೇ ಧಣಿಗಳ ಭಯ ಮಕ್ಕಳಿಗೆ ಅರ್ಥವಾಗುತ್ತದೆ. ಸ್ವಾತಂತ್ರ್ಯ ಕೇಳಿದರೆ ಇನ್ನೊಂದು ಹೈಟಿ ಆದೀತು ಎಂಬ ಭಯ ಅದು. ಸ್ಪೇನ್ ಅದನ್ನು ಚೆನ್ನಾಗಿ ಬಳಸಿಕೊಂಡಿತು. 1844ರಲ್ಲಿ ಗುಲಾಮರ ದಂಗೆಗೆ ಪಿತೂರಿ ನಡೆದಿದೆ ಎಂಬ ಹೆಸರಿನಲ್ಲಿ ಜನರನ್ನು ಏಣಿಗೆ ಕಟ್ಟಿ ಚಾಟಿಯಲ್ಲಿ ಹೊಡೆದರು. ಮಿಶ್ರ ವರ್ಣದ ಕವಿ ಪ್ಲಾಸಿದೊ ಅವರನ್ನು ಪಶ್ಚಿಮದ ಮಾತಾನ್ಸಾಸ್ ಊರಿನಲ್ಲಿ ಗುಂಡಿಟ್ಟು ಕೊಂದರು.

ಬಿಡುಗಡೆಯ ಭಾಗಕ್ಕೆ ನಾನು ಒಂದು ಚಟುವಟಿಕೆ ಮಾಡಿಸುತ್ತೇನೆ. ಮಾತಾನ್ಸಾಸ್ ಹತ್ತಿರದ ಕಬ್ಬಿನ ತೋಟದಲ್ಲಿ 1868ರಲ್ಲಿ ಒಬ್ಬ ಗುಲಾಮ ಹೆಂಗಸಿಗೆ 30 ವರ್ಷ ಎಂದಿಟ್ಟುಕೊಳ್ಳಿ ಅನ್ನುತ್ತೇನೆ. ನಾಲ್ಕು ಗುಂಪಿಗೆ ನಾಲ್ಕು ಚೀಟಿ ಕೊಡುತ್ತೇನೆ. ಒಂದೊಂದರಲ್ಲೂ ಒಂದು ಘಟನೆ ಅಥವಾ ಕಾನೂನು, ಸರಳ ಕನ್ನಡದಲ್ಲಿ. ಪ್ರಶ್ನೆ ಒಂದೇ: ಇದರಿಂದ ಅವಳಿಗೆ ಸಿಕ್ಕಿದ್ದೇನು?

ಮೊದಲ ಗುಂಪಿಗೆ 1868ರ ಅಕ್ಟೋಬರ್ 10. ಧಣಿ ಕಾರ್ಲೋಸ್ ಮಾನುಯೆಲ್ ದೆ ಸೆಸ್ಪೆದೆಸ್ ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಸ್ಪೇನ್ ವಿರುದ್ಧ ದಂಗೆ ಎದ್ದ ದಿನ. ಆದರೆ ದಂಗೆ ಇದ್ದದ್ದು ಪೂರ್ವದಲ್ಲಿ, ಅವಳಿದ್ದದ್ದು ಪಶ್ಚಿಮದಲ್ಲಿ. ಎರಡನೆಯದು ಸ್ಪೇನ್ 1870ರಲ್ಲಿ ತಂದ ಮೊರೆತ್ ಕಾನೂನು. 1868ರ ಸೆಪ್ಟೆಂಬರ್ 17ರ ನಂತರ ಹುಟ್ಟಿದ ಮಕ್ಕಳು, 60 ದಾಟಿದ ಮುದುಕರು ಸ್ವತಂತ್ರರು. ಅವಳಿಗೆ ಏನೂ ಇಲ್ಲ. ಮಗು ಹುಟ್ಟಿದ್ದರೆ ಅದು ಹೆಸರಿಗೆ ಮಾತ್ರ ಸ್ವತಂತ್ರ, 18 ತುಂಬುವವರೆಗೆ ಧಣಿಯ ಕೈಕೆಳಗೇ. ಮೂರನೆಯದು ಆ ದಂಗೆಯನ್ನು ಮುಗಿಸಲು ಸ್ಪೇನ್ ಜೊತೆ ಆದ 1878ರ ಸಾನ್ಹೋನ್ ಒಪ್ಪಂದ. ದಂಗೆಕೋರರ ಕಡೆ ಸೇರಿದ್ದ ಗುಲಾಮರಿಗೆ ಬಿಡುಗಡೆ, ಸುಮ್ನೆ ತೋಟದಲ್ಲಿ ಗೇಯುತ್ತಿದ್ದವರಿಗೆ ಇಲ್ಲ! ಈ ಗುಂಪು ಸಿಟ್ಟಾಗುತ್ತದೆ. ಅಂದಿನ ಗುಲಾಮರಿಗೂ ಹಾಗೇ ಸಿಟ್ಟು ಬಂದಿತ್ತು. ಪೂರ್ವದ ತೋಟಗಳಲ್ಲಿ ಎಷ್ಟೋ ಜನ ಕೆಲಸ ನಿಲ್ಲಿಸಿದರು. ನಾಲ್ಕನೆಯದು 1880ರ ಕಾನೂನು. ಗುಲಾಮಗಿರಿಯ ಹೆಸರು ಹೋಯಿತು, ಪತ್ರೋನಾತೊ ಎಂಬ ವ್ಯವಸ್ಥೆ ಬಂತು. ಹಳೆಯ ಧಣಿಗೇ ದುಡಿಯಬೇಕು, ತಿಂಗಳಿಗೆ ಕೆಲವು ಪೆಸೊ ಸಿಗುತ್ತದೆ. ಕೊಡದಿದ್ದರೆ ಸ್ಥಳೀಯ ಮಂಡಳಿಗೆ ದೂರು ಕೊಡಬಹುದು, ಗೆದ್ದರೆ ಬಿಡುಗಡೆ.

ಈ ಕಡೆಯ ಚೀಟಿಯ ಮೇಲೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಜನ ದೂರು ಕೊಟ್ಟರು. ತೋಟದಿಂದ ಪೇಟೆಗೆ ನಡೆದು ಹೋಗಿ ಸಂಬಳದ ಲೆಕ್ಕ ಕೇಳಿದರು, ಕೂಡಿಟ್ಟ ದುಡ್ಡಿನಲ್ಲಿ ತಮ್ಮನ್ನು ತಾವೇ ಬಿಡಿಸಿಕೊಂಡರು. 1888ರವರೆಗೆ ನಡೆಯಬೇಕಿದ್ದ ಆ ವ್ಯವಸ್ಥೆ 1886ರ ಅಕ್ಟೋಬರ್‌ನಲ್ಲೇ ಮುಗಿಯಿತು. ಅಷ್ಟು ಹೊತ್ತಿಗೆ ಅದರಲ್ಲಿ ಉಳಿದಿದ್ದವರೇ ಕಡಿಮೆ. ನಮ್ಮ ಹೆಂಗಸಿಗೆ ಆಗ 48.

ನಂತರ ಆಂತೋನಿಯೊ ಮಾಸೆಯೊ. ಸ್ವಾತಂತ್ರ್ಯವೂ ಇಲ್ಲ, ಎಲ್ಲ ಗುಲಾಮರ ಬಿಡುಗಡೆಯೂ ಇಲ್ಲ ಎಂದು 1878ರಲ್ಲಿ ಬಾರಾಗ್ವಾದಲ್ಲಿ ಅದೇ ಸಾನ್ಹೋನ್ ಒಪ್ಪಂದವನ್ನು ನಿರಾಕರಿಸಿದ ಮಿಶ್ರ ವರ್ಣದ ಸೇನಾಪತಿ. ಸ್ಪೇನ್ ವಿರುದ್ಧ 1895ರಲ್ಲಿ ಶುರುವಾದ ಸ್ವಾತಂತ್ರ್ಯ ಯುದ್ಧದ ಕ್ಯೂಬನ್ ಸೈನಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಿಳಿಯರಲ್ಲ ಎಂದು ಇತಿಹಾಸಕಾರರ ಅಂದಾಜು. 1896ರ ಡಿಸೆಂಬರ್‌ನಲ್ಲಿ ಮಾಸೆಯೊ ಸತ್ತರು. ಜೊತೆಗೆ ಸತ್ತ ಬಿಳಿ ಯುವಕ, ಸೇನಾಪತಿ ಮಾಕ್ಸಿಮೊ ಗೋಮೆಸ್ ಅವರ ಮಗ ಪಾಂಚಿತೊನನ್ನೂ ಅವರನ್ನೂ ಒಂದೇ ಕಡೆ ಗುಟ್ಟಾಗಿ ಹೂಳಿದರು. 1899ರಲ್ಲಿ ಅವಶೇಷ ಹೊರತೆಗೆದಾಗ ವಿಜ್ಞಾನಿಗಳು ಮಾಸೆಯೊ ತಲೆಬುರುಡೆಯನ್ನು ಅಳೆದರು. ಕೈಕಾಲಿನ ಮೂಳೆ ಕಪ್ಪು ಜನರದ್ದು, ತಲೆ ಮಾತ್ರ ಬಿಳಿಯರ ಹತ್ತಿರ ಎಂದು ವರದಿ ಕೊಟ್ಟರು. ಇದನ್ನು ಹೇಳಿದಾಗ ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ. ನಾನೂ ಏನೂ ಸೇರಿಸುವುದಿಲ್ಲ. ದೇಶದ ವೀರನಾಗಲು ಅವರ ಬುದ್ಧಿಯನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಬೇಕಾಯಿತು, ಅಲ್ವಾ?

ಈಗ ಮಾತ್ರ ಸ್ವಾತಂತ್ರ್ಯ ಹೋರಾಟದ ನಾಯಕ, ಲೇಖಕ ಹೋಸೆ ಮಾರ್ತಿ ಅವರನ್ನು ಓದಿಸುತ್ತೇನೆ. ಬಿಳಿಯ, ಮುಲಾಟೊ (ಮಿಶ್ರ ವರ್ಣದವ), ಕರಿಯ ಎಂಬುದಕ್ಕಿಂತ ಕ್ಯೂಬನ್ ಎಂಬುದು ದೊಡ್ಡದು ಎಂದು ಅವರು 1893ರಲ್ಲಿ ಬರೆದರು. ಹೈಟಿಯ ಭಯವನ್ನು ಒಡೆದ ಮಾತು ಅದು. ಅದನ್ನು ನಂಬಿ ಕಪ್ಪು ಜನ ಪ್ರಾಣ ಕೊಟ್ಟರು. ಅದರ ಪಕ್ಕದಲ್ಲಿ 1910ರ ಕಾನೂನನ್ನು ಇಟ್ಟು ಮತ್ತೆ ಓದಿ ಅನ್ನುತ್ತೇನೆ. ನಾವೆಲ್ಲ ಕ್ಯೂಬನ್ನರು, ಹಾಗಾಗಿ ಬಣ್ಣದ ಮಾತೆತ್ತುವವನೇ ದೇಶದ್ರೋಹಿ: ವಾದ ಹೀಗೆ ತಿರುಗಿತು. ಮೊದಲು ಮಾರ್ತಿ ಓದಿಸಿದರೆ ಈ ತಿರುವು ಕಾಣುವುದೇ ಇಲ್ಲ. "ಜಾತಿ ಹೆಸರು ಎತ್ತುವವರೇ ಜಾತಿವಾದಿಗಳು ಅಂತ ನಮ್ಮಲ್ಲೂ ಅಂತಾರಲ್ವಾ ಮೇಡಂ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು ಅನ್ನುತ್ತೇನೆ. ಆದರೆ ಆ ಚರ್ಚೆಯನ್ನು ಬೇರೆ ದಿನಕ್ಕೆ ಇಡುತ್ತೇನೆ, ಕ್ಯೂಬಾದವರ ಕಥೆ ನಮ್ಮ ಜಗಳದಲ್ಲಿ ಕಳೆದುಹೋಗಬಾರದು.

1959ರ ಕ್ರಾಂತಿಯ ನಂತರದ್ದನ್ನು ಬೇಗ ಹೇಳುತ್ತೇನೆ. ಆ ವರ್ಷದ ಮಾರ್ಚ್‌ನಲ್ಲಿ ಕ್ಯಾಸ್ಟ್ರೊ ಕೆಲಸದ ಜಾಗದ ವರ್ಣಭೇದದ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಬಿಳಿಯರಿಗೇ ಮೀಸಲಾಗಿದ್ದ ಕ್ಲಬ್ಬು, ಕಡಲತೀರಗಳು ಎಲ್ಲರಿಗೂ ತೆರೆದವು. ಅದು ಸಣ್ಣ ಸಾಧನೆ ಅಲ್ಲ. 1962ರ ಹೊತ್ತಿಗೆ ಸಮಸ್ಯೆ ಮುಗಿಯಿತು ಎಂದು ಸರ್ಕಾರ ಸಾರಿತು. ಕಪ್ಪು ಜನರ ಹಳೆಯ ಸಂಘಗಳು ಅದೇ ವರ್ಷಗಳಲ್ಲಿ ಮುಚ್ಚಿದವು. ಆಮೇಲೆ ದಶಕಗಟ್ಟಲೆ ಬಣ್ಣದ ಮಾತೆತ್ತಿದರೆ ಒಗ್ಗಟ್ಟು ಒಡೆಯುವವ ಎಂಬ ಆಪಾದನೆ. 1910ರ ಕಾನೂನನ್ನು ಆಗಲೇ ಓದಿರುವ ಮಕ್ಕಳು ಇದನ್ನು ನಾನು ಹೇಳುವ ಮೊದಲೇ ಹೇಳುತ್ತಾರೆ.

ಕೆಲವು ವರ್ಷ ಪಠ್ಯದ ಒತ್ತಡದಲ್ಲಿ ಕ್ಯೂಬಾಕ್ಕೆ ಒಂದೇ ಪೀರಿಯಡ್ ಉಳಿಯುತ್ತದೆ. ಆಗ ನಾಲ್ಕು ಚೀಟಿ ಮತ್ತು 1910ರ ಕಾನೂನು, ಇವೆರಡನ್ನೇ ಇಟ್ಟುಕೊಳ್ಳುತ್ತೇನೆ. ಉಳಿದದ್ದನ್ನು ಅವರು ಲೈಬ್ರರಿಯಲ್ಲಿ ಓದಿಕೊಳ್ಳುತ್ತಾರೆ.