ಅಗ್ಗದ ಆಟೋಮ್ಯಾಟಿಕ್ ಡೈವ್ ವಾಚ್ ಆರಿಸಿದ್ದು, ಕಟ್ಕೊಂಡು ಓಡಾಡ್ತಿರೋದು: ನನ್ನ ಅನುಭವ

ಆಟೋಮ್ಯಾಟಿಕ್ (ಬ್ಯಾಟರಿ ಇಲ್ಲದೆ, ಕೈ ಅಲ್ಲಾಡಿದ್ರೆ ತಾನೇ ಕೀ ತುಂಬ್ಕೊಳ್ಳೋ) ಡೈವ್ ವಾಚ್, ಅಂದ್ರೆ ನೀರಲ್ಲಿ ಮುಳುಗೋರಿಗೆ ಅಂತ ಮಾಡಿದ ವಾಚು, ತಗೋಬೇಕು ಅಂತ ಹೊರಟವರು ಮೊದಲು ಕೇಳೋ ಪ್ರಶ್ನೆ ಒಂದೇ, ಯಾವ ಮೂವ್‌ಮೆಂಟ್ (ಒಳಗಿನ ಯಂತ್ರ) ಚೆನ್ನಾಗಿದೆ ಅಂತ. ನನ್ನ ಕೇಳಿದ್ರೆ ಅದು ಕೊನೇಲಿ ಕೇಳಬೇಕಾದ ಪ್ರಶ್ನೆ. ಯಾಕಂದ್ರೆ ಕಡಿಮೆ ಬೆಲೆಯ ವಾಚುಗಳಲ್ಲಿ ಒಳಗಿರೋ ಯಂತ್ರಗಳು ಹೆಚ್ಚುಕಮ್ಮಿ ಮೂರ್ನಾಲ್ಕೇ. ಸೀಕೋದಲ್ಲಿ 4ಆರ್36 ಇರುತ್ತೆ, ಅದರದ್ದೇ ಬಳಗದ ಎನ್‌ಎಚ್35 ಅನ್ನ ಬೇರೆ ಕಂಪನಿಗಳೂ ಕೊಂಡ್ಕೊಂಡು ಹಾಕ್ತಾವೆ, ಸಿಟಿಜನ್ ಕಡೆಯಿಂದ ಮಿಯೋಟಾ 8000 ಸರಣಿ, ಓರಿಯಂಟ್‌ನಲ್ಲಿ ಅವರದ್ದೇ ಎಫ್6 ಸರಣಿ. ಎಲ್ಲವೂ ಗಂಟೆಗೆ 21,600 ಬಡಿತದವು, ಎಲ್ಲವೂ ಪೂರ್ತಿ ಕೀ ತುಂಬಿದ್ರೆ 40 ಗಂಟೆ ಆಸುಪಾಸು ಓಡ್ತಾವೆ. ಎನ್‌ಎಚ್35 ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 40 ಸೆಕೆಂಡ್ ಮುಂದೆವರೆಗೆ ಹೋಗಬಹುದು ಅಂತ ಕಂಪನಿಯೇ ಹೇಳುತ್ತೆ, ಆದ್ರೆ ಅದು ಹೊರಗಿನ ಗಡಿ ಅಷ್ಟೇ, ಕೈಗೆ ಬರೋ ವಾಚು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗೇ ಓಡುತ್ತೆ.

ಯಂತ್ರದಲ್ಲಿ ನಾನು ನೋಡಿದ್ದು ಎರಡೇ ವಿಷಯ: ಕ್ರೌನ್ (ಪಕ್ಕದಲ್ಲಿರೋ ಕೀ ಗುಂಡಿ) ತಿರುಗಿಸಿ ಕೈಯಿಂದ ಕೀ ಕೊಡಬಹುದಾ, ಟೈಮ್ ಸೆಟ್ ಮಾಡುವಾಗ ಸೆಕೆಂಡ್ ಮುಳ್ಳು ನಿಲ್ಲುತ್ತಾ. 1996ರಲ್ಲಿ ಬಂದು ಜನರ ಮನಸ್ಸು ಗೆದ್ದ ಸೀಕೋ ಎಸ್‌ಕೆಎಕ್ಸ್007ನಲ್ಲಿ ಇದ್ದ 7ಎಸ್26 ಯಂತ್ರಕ್ಕೆ ಇವೆರಡೂ ಇರಲಿಲ್ಲ, ನಿಂತಿದ್ರೆ ಕೈಲಿ ಹಿಡ್ಕೊಂಡು ಅಲ್ಲಾಡಿಸಬೇಕಿತ್ತು. 4ಆರ್36ರಲ್ಲೂ ಓರಿಯಂಟ್ ಎಫ್6922ರಲ್ಲೂ ಎರಡೂ ಇದೆ. ಇಷ್ಟಿದ್ರೆ ಯಂತ್ರದ ವಿಚಾರ ಅಲ್ಲಿಗೆ ಬಿಟ್ಟುಬಿಡಿ.

ನಿಜವಾಗಿ ತಲೆ ಕೆಡಿಸ್ಕೋಬೇಕಾಗಿರೋದು ಅಳತೆ ಬಗ್ಗೆ. ಎಲ್ಲರೂ ಡಯಾಮೀಟರ್ ಹೇಳ್ತಾರೆ, 42 ಎಂಎಂ, 40 ಎಂಎಂ ಅಂತ, ಆದ್ರೆ ವಾಚು ಕೈ ಮೇಲೆ ಹೇಗೆ ಕೂರುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಲಗ್ ಟು ಲಗ್, ಅಂದ್ರೆ ಮೇಲಿನ ಪಟ್ಟಿ ಸಿಕ್ಕಿಸೋ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿವರೆಗಿನ ಉದ್ದ. ಎಸ್‌ಕೆಎಕ್ಸ್ 42.5 ಎಂಎಂ ಅಂತ ಕೇಳಿದ್ರೆ ದೊಡ್ಡದು ಅನ್ಸುತ್ತೆ, ಅದರ ಲಗ್ ಟು ಲಗ್ ಮಾತ್ರ 46 ಅಷ್ಟೇ, ಅದಕ್ಕೇ ಸಣ್ಣ ಕೈಗಳ ಮೇಲೂ ಅದು ಚೆನ್ನಾಗಿ ಕೂರ್ತಿತ್ತು. ನನ್ನ ಮಣಿಕಟ್ಟಿನ ಸುತ್ತಳತೆ 16.5 ಸೆಂ.ಮೀ., ಮೇಲಿನ ಚಪ್ಪಟೆ ಭಾಗ ಸ್ಕೇಲ್ ಇಟ್ಟು ನೋಡಿದ್ರೆ 50 ಎಂಎಂ ಚಿಲ್ಲರೆ ಬರುತ್ತೆ. ನಾನು ಮಾಡಿದ್ದು ಇಷ್ಟು, ಮನಸ್ಸಿಗೆ ಬಂದ ಪ್ರತಿ ವಾಚಿನ ಲಗ್ ಟು ಲಗ್ ಉದ್ದಕ್ಕೆ ರಟ್ಟು ಕತ್ತರಿಸಿ ಕೈ ಮೇಲಿಟ್ಟು ಕನ್ನಡಿ ಮುಂದೆ ನಿಂತು ನೋಡಿದೆ, ರಟ್ಟಿನ ತುದಿ ಕೈಯಿಂದ ಆಚೆ ಚಾಚಿದ್ರೆ ಆ ವಾಚು ನನ್ನ ಆಯ್ಕೆಯಿಂದ ಹೊರಗೆ. ಪೂರಾ ಉಚಿತ, ಫೋಟೋ ನೋಡಿ ಅಂದಾಜು ಮಾಡೋದಕ್ಕಿಂತ ಎಷ್ಟೋ ವಾಸಿ. ಹಾಗೆ ಉಳಿದಿದ್ದು ಓರಿಯಂಟ್ ಕಮಾಸು: 41.8 ಎಂಎಂ ಅಗಲ, 46.8 ಲಗ್ ಟು ಲಗ್, 200 ಮೀಟರ್, ಸ್ಕ್ರೂ ಕ್ರೌನ್ (ತಿರುಗಿಸಿ ಬಿಗಿ ಮಾಡಿ ಮುಚ್ಚೋ ಕ್ರೌನ್), ಸಫೈರ್ ಗಾಜು.

ಗಾಜಿನ ಬಗ್ಗೆ ಒಂದು ಮಾತು. ಮರಳಲ್ಲಿರೋ ಕ್ವಾರ್ಟ್ಜ್ ಕಣದ ಗಡಸುತನ ಮೋಸ್ ಅಳತೇಲಿ 7, ಸಫೈರ್ 9, ಮಿನರಲ್ ಗಾಜು (ಗಡಸು ಮಾಡಿದ ಮಾಮೂಲಿ ಗಾಜು) 7ಕ್ಕಿಂತ ಕೆಳಗೆ. ಹಾಗಾಗಿ ಗೋಡೆಗೋ ಮರಳಿಗೋ ತಾಗಿದ್ರೆ ಮಿನರಲ್ ಗಾಜಲ್ಲಿ ಗೀರು ಬಿದ್ದೇ ಬೀಳುತ್ತೆ. ಸಫೈರ್ ಜೋರಾಗಿ ಪೆಟ್ಟು ಬಿದ್ರೆ ಒಡೆಯೋ ಸಾಧ್ಯತೆ ಜಾಸ್ತಿ ಅಂತಾರೆ, ಅದೂ ನಿಜವೇ, ಆದ್ರೆ ದಿನಾ ಕಟ್ಟೋರಿಗೆ ಗೀರಿನ ಕಾಟವೇ ದೊಡ್ಡದು, ನಾನಂತೂ ಸಫೈರ್ ಕಡೆಗೇ.

ಈಗ ನೀರಿನ ವಿಷಯ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಯಲ್ ಮೇಲೆ "ಡೈವರ್ಸ್ 200" ಅಂತ ಇರೋದಕ್ಕೂ "ವಾಟರ್ ರೆಸಿಸ್ಟ್ 200" ಅಂತ ಇರೋದಕ್ಕೂ ವ್ಯತ್ಯಾಸ ಇದೆ. ಮೊದಲನೇದು ಐಎಸ್‌ಒ 6425 ಅನ್ನೋ ಮಾನದಂಡಕ್ಕೆ ಸೇರಿದ್ದು: ಬರೆದಿರೋದಕ್ಕಿಂತ ಶೇ. 25 ಹೆಚ್ಚು ಒತ್ತಡದಲ್ಲಿ ಪರೀಕ್ಷೆ ಆಗಬೇಕು, ಉಪ್ಪು ನೀರಲ್ಲಿ 24 ಗಂಟೆ ಇಟ್ಟು ನೋಡಬೇಕು, ಕತ್ತಲಲ್ಲಿ 25 ಸೆಂ.ಮೀ. ದೂರದಿಂದ ಟೈಮ್ ಕಾಣಬೇಕು, ವಾಚು ಓಡ್ತಾ ಇದೆ ಅನ್ನೋದೂ ಕಾಣಬೇಕು. ಕಮಾಸು ಎರಡನೇ ಜಾತಿಯದ್ದು, ಅದು ಗೊತ್ತಿದ್ದೇ ತಗೊಂಡೆ, ಯಾಕಂದ್ರೆ ನಾನು ಈಜೋನು, ಬಾಯಿಗೆ ಕೊಳವೆ ಇಟ್ಕೊಂಡು ನೀರ ಮೇಲೇ ತೇಲ್ತಾ ಸ್ನಾರ್ಕೆಲ್ ಮಾಡೋನು, ಸಿಲಿಂಡರ್ ಕಟ್ಕೊಂಡು ಆಳಕ್ಕೆ ಇಳಿಯೋನಲ್ಲ. ಇಳಿಯೋರಾದ್ರೆ ಡೈವರ್ಸ್ ಅಂತ ಬರೆದಿರೋದನ್ನೇ ಹುಡುಕಿ, ಸಿಟಿಜನ್ ಪ್ರೋಮಾಸ್ಟರ್ ಎನ್‌ವೈ0040 ಆ ಥರದ್ದು. ಇನ್ನು 2019ರಲ್ಲಿ ಎಸ್‌ಕೆಎಕ್ಸ್ ರೂಪದಲ್ಲೇ ಬಂದ ಸೀಕೋ 5 ಸ್ಪೋರ್ಟ್ಸ್ ನೋಡೋಕೆ ಡೈವ್ ವಾಚ್ ಥರಾನೇ ಇದೆ, ಆದ್ರೆ 100 ಮೀಟರ್, ಕ್ರೌನ್ ಸ್ಕ್ರೂ ಅಲ್ಲ. ಒಳ್ಳೇ ವಾಚು, ಏನು ತಗೋತಿದೀರಿ ಅಂತ ಗೊತ್ತಿರಲಿ ಅಷ್ಟೇ.

ಈಜುವಾಗ ಕೈ ಬೀಸಿದ್ರೆ ಒತ್ತಡ ಹತ್ತು ಪಟ್ಟು ಆಗುತ್ತೆ, ಅದಕ್ಕೇ 100 ಮೀಟರ್ ವಾಚಲ್ಲಿ ಈಜಬಾರದು ಅಂತ ಒಂದು ಮಾತು ಎಲ್ಲಾ ಕಡೆ ಓಡಾಡ್ತಾ ಇರುತ್ತೆ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ನೀರನ್ನ ಸೀಳಿದ್ರೂ ಹೆಚ್ಚಾಗೋ ಒತ್ತಡ ಸುಮಾರು ಒಂದೂಕಾಲು ಮೀಟರ್ ಆಳದಷ್ಟು ಮಾತ್ರ. ನೀರು ಒಳಗೆ ಹೋಗೋದು ಕೈ ಬೀಸಿದ್ದಕ್ಕಲ್ಲ, ರಬ್ಬರ್ ಗ್ಯಾಸ್ಕೆಟ್ ಹಳೇದಾಗಿದ್ದಕ್ಕೆ ಅಥವಾ ಕ್ರೌನ್ ಸರಿಯಾಗಿ ಮುಚ್ಚದೆ ಇದ್ದಿದ್ದಕ್ಕೆ.

ಬೆಜೆಲ್, ಅಂದ್ರೆ ಗಾಜಿನ ಸುತ್ತ ನಿಮಿಷದ ಗುರುತುಗಳಿರೋ ಬಳೆ, ಒಂದೇ ದಿಕ್ಕಿಗೆ ತಿರುಗೋದು ಯಾಕೆ ಅಂತ ಗೊತ್ತಾದ ಮೇಲೆ ನನಗೆ ಈ ವಾಚುಗಳ ಮೇಲೆ ಗೌರವ ಜಾಸ್ತಿ ಆಯ್ತು. ಇಳಿಯೋ ಮುಂಚೆ ತ್ರಿಕೋನದ ಗುರುತನ್ನ ನಿಮಿಷದ ಮುಳ್ಳಿಗೆ ಎದುರಾಗಿ ಇಡ್ತಾರೆ, ಆಮೇಲೆ ಎಷ್ಟು ನಿಮಿಷ ಆಯ್ತು ಅಂತ ನೇರವಾಗಿ ಓದಬಹುದು. ನೀರೊಳಗೆ ಎಲ್ಲಾದ್ರೂ ತಾಗಿ ಬೆಜೆಲ್ ತಿರುಗಿದ್ರೆ ಅದು ಎಡಕ್ಕೆ ಮಾತ್ರ ತಿರುಗುತ್ತೆ, ಅಂದ್ರೆ ಕಳೆದ ಸಮಯ ಇರೋದಕ್ಕಿಂತ ಹೆಚ್ಚು ತೋರ್ಸುತ್ತೆ, ಮುಳುಗಿರೋರು ಬೇಗ ಮೇಲೆ ಬರ್ತಾರೆ, ಗಾಳಿ ಮುಗಿಯೋವರೆಗೆ ಕೂರಲ್ಲ. ತಪ್ಪಿದ್ರೂ ಜೀವ ಉಳಿಸೋ ಕಡೆಗೇ ತಪ್ಪುತ್ತೆ! ನಾನು ಇದನ್ನ ಒಲೆ ಮೇಲೆ ಏನಾದ್ರೂ ಇಟ್ಟಾಗ, ಗಾಡಿ ನಿಲ್ಲಿಸಿ ಹೋದಾಗ, ಬಟ್ಟೆ ಮೆಷಿನ್‌ಗೆ ಹಾಕಿದಾಗ ಎಲ್ಲಾ ಉಪಯೋಗಿಸ್ತೀನಿ, ಫೋನ್ ತೆಗೆಯೋ ಕೆಲಸವೇ ಇಲ್ಲ. ಕೊಳ್ಳುವಾಗ ತ್ರಿಕೋನ ಸರಿಯಾಗಿ 12ಕ್ಕೆ ಎದುರಾಗಿ ನಿಲ್ಲುತ್ತಾ ನೋಡ್ಕೊಳ್ಳಿ, ಈ ಬೆಲೆಯ ವಾಚುಗಳಲ್ಲಿ ಅರ್ಧ ಕ್ಲಿಕ್ ಅತ್ತಿತ್ತ ಇರೋದು ಸಾಮಾನ್ಯ, ಆಮೇಲೆ ಅದು ಕಣ್ಣಿಗೆ ಚುಚ್ಚುತ್ತೆ.

ಕಟ್ಕೊಂಡ ಮೇಲಿನ ಕಥೆ. ನನ್ನದು ದಿನಕ್ಕೆ 8-10 ಸೆಕೆಂಡ್ ಮುಂದೆ ಓಡುತ್ತೆ. ಆಟೋಮ್ಯಾಟಿಕ್ ವಾಚು ಯಾವ ಭಂಗಿಯಲ್ಲಿ ಮಲಗಿದೆ ಅನ್ನೋದ್ರ ಮೇಲೆ ಅದರ ವೇಗ ಬದಲಾಗುತ್ತೆ, ಡಯಲ್ ಮೇಲೆ ಮಾಡಿ ಇಟ್ಟಾಗ ಒಂಥರಾ, ಕ್ರೌನ್ ಮೇಲೆ ಮಾಡಿ ನಿಲ್ಲಿಸಿದಾಗ ಇನ್ನೊಂಥರಾ. ಮೈಕ್‌ನಿಂದ ಟಿಕ್‌ಟಿಕ್ ಕೇಳಿ ವೇಗ ಹೇಳೋ ಆ್ಯಪ್‌ಗಳಿವೆ, ಒಂದನ್ನ ಹಾಕ್ಕೊಂಡು ಪ್ರತಿ ಭಂಗಿಯನ್ನೂ ನೋಡಿದೆ, ಕ್ರೌನ್ ಮೇಲೆ ಮಾಡಿದ್ರೆ ನನ್ನದು ನಿಧಾನ ಆಗುತ್ತೆ ಅಂತ ಗೊತ್ತಾಯ್ತು, ಈಗ ರಾತ್ರಿ ಹಾಗೇ ನಿಲ್ಲಿಸ್ತೀನಿ, ಹಗಲು ಮುಂದೆ ಹೋಗಿದ್ದು ರಾತ್ರಿ ಸುಮಾರಾಗಿ ಸರಿಹೋಗುತ್ತೆ. ನಿಮ್ಮ ವಾಚಿನದ್ದು ಬೇರೆ ಇರಬಹುದು, ನೋಡೇ ತಿಳ್ಕೋಬೇಕು.

ಒಂದ್ಸಲ ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡೋಕೆ ಶುರುವಾಯ್ತು. ಇದು ಹೆಚ್ಚಾಗಿ ಮ್ಯಾಗ್ನೆಟ್ ಹಿಡಿದ ಲಕ್ಷಣ: ವಾಚಿನ ಬಡಿತ ಹಿಡಿತದಲ್ಲಿಡೋ, ಕೂದಲಿನಷ್ಟು ತೆಳು ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟ್ಕೊಂಡು ಸ್ಪ್ರಿಂಗ್ ಗಿಡ್ಡ ಆದಂಗೆ ಆಗುತ್ತೆ, ಬಡಿತ ಜೋರಾಗುತ್ತೆ. ದಿಕ್ಸೂಚಿ ಹತ್ರ ಹಿಡಿದಾಗ ಮುಳ್ಳು ಅಲ್ಲಾಡ್ತು, ಅಲ್ಲಿಗೆ ಖಾತ್ರಿ. ಡಿಮ್ಯಾಗ್ನೆಟೈಸರ್ ಅನ್ನೋ ಪುಟ್ಟ ಪೆಟ್ಟಿಗೆ ಮೇಲಿಟ್ಟು, ಬಟನ್ ಒತ್ಕೊಂಡೇ ವಾಚನ್ನ ನಿಧಾನವಾಗಿ ಮೇಲಕ್ಕೆ ಎತ್ತಿದ್ರೆ ಮುಗೀತು, ಸೆಕೆಂಡುಗಳ ಕೆಲಸ. ಸ್ಪೀಕರ್, ಟ್ಯಾಬ್ಲೆಟ್ ಕವರ್, ಬ್ಯಾಗಿನ ಮ್ಯಾಗ್ನೆಟ್ ಗುಂಡಿ ಇವುಗಳ ಪಕ್ಕ ವಾಚ್ ಇಡಬೇಡಿ. ವೇಗ ಹೆಚ್ಚಾದ ತಕ್ಷಣ ವಾಚು ಹಾಳಾಯ್ತು ಅಂತ ಬಿಚ್ಚಿಸೋಕೆ ಹೋಗೋ ಮುಂಚೆ ಇದನ್ನ ನೋಡಿ.

ತಾರೀಖು ಬದಲಾಯಿಸೋದಾದ್ರೆ ರಾತ್ರಿ 9ರಿಂದ ಬೆಳಗಿನ ಜಾವ 3-4ರವರೆಗೆ ಬೇಡ, ಆಗ ತಾರೀಖಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿರುತ್ತವೆ, ಒತ್ತಾಯ ಮಾಡಿದ್ರೆ ಮುರಿಯಬಹುದು. ನಾನು ಮೊದಲು ಮುಳ್ಳನ್ನ 6:30ಕ್ಕೆ ತಂದು ಆಮೇಲೆ ತಾರೀಖು ಮುಟ್ತೀನಿ. ಕ್ರೌನ್ ಮುಚ್ಚುವಾಗ ಮೊದಲು ಸ್ವಲ್ಪ ಉಲ್ಟಾ ತಿರುಗಿಸಿ, ದಾರ ಕೂತಿದ್ದು ಬೆರಳಿಗೆ ಗೊತ್ತಾಗುತ್ತೆ, ಆಮೇಲೆ ಮೆಲ್ಲಗೆ ಬಿಗಿ ಮಾಡಿ.

ಚೈನ್ ತೆಗೆದಿಟ್ಟು ನಾನು ನೈಲಾನ್ ನೇಟೋ ಪಟ್ಟಿ ಹಾಕಿದೀನಿ, ಲಗ್ ಮಧ್ಯದ ಅಗಲ 22 ಎಂಎಂ ಆಗಿರೋದ್ರಿಂದ ಪಟ್ಟಿ ಸಿಗೋದು ಕಷ್ಟ ಇಲ್ಲ. ಈ ಪಟ್ಟಿ ವಾಚಿನ ಕೆಳಗೆ ಒಂದೇ ಉದ್ದಕ್ಕೆ ಹೋಗುತ್ತೆ, ಒಂದು ಸ್ಪ್ರಿಂಗ್ ಬಾರ್ (ಪಟ್ಟಿಯನ್ನ ಲಗ್‌ಗೆ ಹಿಡಿಸೋ ಸಣ್ಣ ಕಡ್ಡಿ) ಕಿತ್ತು ಬಂದ್ರೂ ಇನ್ನೊಂದು ಹಿಡ್ಕೊಂಡಿರುತ್ತೆ, ನೀರಲ್ಲಿ ವಾಚು ಕಳ್ಕೊಳ್ಳೋ ಭಯ ಕಮ್ಮಿ.

ಸಮುದ್ರದಿಂದ ಬಂದ ದಿನ ಸಿಹಿನೀರಲ್ಲಿ ತೊಳೀತೀನಿ, ಬೆಜೆಲ್ ಪೂರ್ತಿ ಒಂದು ಸುತ್ತು ತಿರುಗಿಸ್ತಾ, ಇಲ್ಲಾಂದ್ರೆ ಅದರ ಕೆಳಗೆ ಉಪ್ಪು ಕೂತು ಬೆಜೆಲ್ ಬಿಗಿಯಾಗುತ್ತೆ, ಹಳೇ ಮೆತ್ತನೆ ಟೂತ್‌ಬ್ರಶ್ ಸಾಕು. ಬಿಸಿನೀರ ಸ್ನಾನಕ್ಕೆ ಮಾತ್ರ ಬಿಚ್ಚಿಡ್ತೀನಿ, ಬಿಸಿಯೂ ಸೋಪೂ ಸೇರಿದ್ರೆ ಗ್ಯಾಸ್ಕೆಟ್ ಬೇಗ ಸವೆಯುತ್ತೆ. ಮತ್ತೆ ಯಾರಾದ್ರೂ ಹಿಂದಿನ ಮುಚ್ಚಳ ತೆಗೆದ್ರೆ, ಬರೀ ಸಣ್ಣ ರಿಪೇರಿಗೇ ಆಗಿರಲಿ, ವಾಪಸ್ ಕೊಡೋ ಮುಂಚೆ ಗ್ಯಾಸ್ಕೆಟ್‌ಗೆ ಸಿಲಿಕಾನ್ ಗ್ರೀಸ್ ಹಚ್ಚಿ ಪ್ರೆಶರ್ ಟೆಸ್ಟ್ ಮಾಡಿಕೊಡಿ ಅಂತ ಕೇಳಿ, ಅದಾಗೋವರೆಗೆ ಆ ವಾಚ್ ಹಾಕ್ಕೊಂಡು ನೀರಿಗಿಳಿಯಬೇಡಿ.